ಏಳದ ಕಂಪ್ಯೂಟರ್‌ಗೆ ಮೂರು ದಾರಿ: ಪೆನ್ ಡ್ರೈವ್ ಮೊದಲು ಯಾಕೆ?

ನಮ್ಮ ಮನೆಯ ಡೆಸ್ಕ್‌ಟಾಪ್ 2016ರಲ್ಲಿ ಜೋಡಿಸಿದ್ದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಪ್ಪ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹವೆಲ್ಲ ಅದರಲ್ಲೇ ಇತ್ತು. ಕಳೆದ ಮಳೆಗಾಲದಲ್ಲಿ ಹ್ಯಾಂಗ್ ಆಗೋಕೆ ಶುರುವಾಯಿತು. ಮೊದಮೊದಲು ದಿನಕ್ಕೊಂದು ಸಲ, ಆಮೇಲೆ ಆನ್ ಮಾಡಿದ ಐದೇ ನಿಮಿಷಕ್ಕೆ. ಕೊನೆಗೆ ಚುಕ್ಕೆಗಳು ಸುತ್ತುತ್ತಲೇ ಇದ್ದವು, ಡೆಸ್ಕ್‌ಟಾಪ್ ಬರಲೇ ಇಲ್ಲ.

ಅಂಗಡಿಗೆ ಫೋನ್ ಮಾಡಿದರೆ "ತನ್ನಿ, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ" ಎಂದರು. ಫೈಲ್‌ಗಳಿಗೆ ಬ್ಯಾಕಪ್ ಇರಲಿಲ್ಲ. ಹಾಗಾಗಿ ನಾನೇ ಕೈ ಹಾಕಿದೆ. ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ ಮತ್ತೆ ಕೂರಿಸಿದೆ, ಏನೂ ಬದಲಾಗಲಿಲ್ಲ. ಆಮೇಲೆ ಮೂರು ದಾರಿ ಹಿಡಿದೆ.

ಮೊದಲನೆಯದು ವಿಂಡೋಸ್ ಜೊತೆಗೇ ಬರುವ ರಿಪೇರಿ. ಚುಕ್ಕೆ ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ರಿಪೇರಿ ಪರದೆ ತಾನೇ ಬರುತ್ತದೆ. ಸ್ಟಾರ್ಟಪ್ ರಿಪೇರಿ ಮುಕ್ಕಾಲು ಗಂಟೆ ಓಡಿ, ಆಗಲ್ಲ ಎಂದಿತು. ಸೇಫ್ ಮೋಡ್ ಒಮ್ಮೆ ತೆರೆದುಕೊಂಡಿತು, ಅಲ್ಲೂ ಹ್ಯಾಂಗ್. ಇದು ಒಳ್ಳೆ ಸುಳಿವು. ಸೇಫ್ ಮೋಡ್‌ನಲ್ಲಿ ತೀರಾ ಬೇಕಾದ ಡ್ರೈವರ್‌ಗಳು ಮಾತ್ರ ಏಳುತ್ತವೆ. ಅಲ್ಲೂ ನಿಂತರೆ ಅನುಮಾನ ಹಾರ್ಡ್‌ವೇರ್ ಕಡೆ ತಿರುಗಬೇಕು. ನನಗೆ ಆಗ ಅದು ಹೊಳೆಯಲಿಲ್ಲ. ರಾತ್ರಿ ಡಿಸ್ಕ್ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಓಡಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ 11 ಪರ್ಸೆಂಟ್‌ನಲ್ಲೇ ನಿಂತಿತ್ತು, ಡಿಸ್ಕ್ ಟಿಕ್ ಟಿಕ್ ಅನ್ನುತ್ತಿತ್ತು. ಹಾಳಾದ ಸೆಕ್ಟರ್ (ಡಿಸ್ಕ್‌ನ ಚಿಕ್ಕ ಚಿಕ್ಕ ಭಾಗ) ಹುಡುಕುವ ಚೆಕ್‌ಡಿಸ್ಕ್ ಡಿಸ್ಕ್‌ನ ಮೂಲೆ ಮೂಲೆಯನ್ನೂ ಓದುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಅಷ್ಟು ದುಡಿತ ಕೊಡಬಾರದು, ಅದರಲ್ಲೂ ಬ್ಯಾಕಪ್ ಇಲ್ಲದಾಗ.

ಈ ದಾರಿ ದಂಡ ಅಂತ ಹೇಳ್ತಿಲ್ಲ. ತಂಗಿಯ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ಕಪ್ಪು ಪರದೆಯಲ್ಲೇ ನಿಂತಿತ್ತು. ಸೇಫ್ ಮೋಡ್‌ಗೆ ಹೋಗಿ ಹಳೇ ಡ್ರೈವರ್‌ಗೆ ಮರಳಿದೆ, ಕಾಲು ಗಂಟೆಯಲ್ಲಿ ಸರಿಹೋಯಿತು. ಏನೋ ಹೊಸದು ಹಾಕಿದ ಮೇಲೆ ಕೆಟ್ಟಿದ್ದರೆ ಇದೇ ಸುಲಭ.

ಎರಡನೆಯದು ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇರುವ ಪೆನ್ ಡ್ರೈವ್. ಮೂರರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದು. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ರೂಫಸ್ ಎಂಬ ಟೂಲ್ ಬಳಸಿ 8 ಜಿಬಿ ಪೆನ್ ಡ್ರೈವ್‌ಗೆ ಹಾಕಿಕೊಂಡೆ. ಆನ್ ಆಗುವಾಗ ಬೂಟ್ ಮೆನು ಕೀ ಒತ್ತಬೇಕು, ನಮ್ಮದರಲ್ಲಿ ಅದು ಎಫ್12. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಮಿಂಟ್ ಪೆನ್ ಡ್ರೈವ್‌ನಿಂದಲೇ ಓಡುತ್ತದೆ. ಎರಡು ಗಂಟೆ ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. ಅಂದರೆ ರ‍್ಯಾಮ್, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಬಹುಪಾಲು ಸರಿ ಇವೆ ಅಂತಾಯಿತು. ಅದರಲ್ಲೇ ಇರುವ ಡಿಸ್ಕ್ಸ್ ಎಂಬ ಟೂಲ್ ತೆರೆದು ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಕಾಯಿಲೆ ಗೊತ್ತಾಯಿತು.

ಕೂಡಲೇ ಹೊರಗಿನ ಡಿಸ್ಕ್ ಜೋಡಿಸಿ ಕಾಪಿ ಶುರು ಮಾಡಿದೆ. ಮೊದಲು ಅಪ್ಪನ ಫೋಲ್ಡರ್, ಆಮೇಲೆ ಫೋಟೋ. ಸಿನಿಮಾ ಹಾಡು ಎಲ್ಲ ಕೊನೆಗೆ, ಅವು ಹೋದರೂ ಮತ್ತೆ ಸಿಗುತ್ತವೆ ಅಲ್ವಾ? ಅಪ್ಪನ ಒಂದು ಫೈಲ್ ತೆರೆದಾಗ ಎದೆ ಧಸಕ್ಕೆಂದಿತು. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಫೈಲ್ ಕೆಟ್ಟಿರಲಿಲ್ಲ. ಅಪ್ಪ ಬಳಸುತ್ತಿದ್ದುದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ. ಆ ಫಾಂಟ್ ಇಲ್ಲದ ಕಡೆ ಅದು ಹಾಗೇ ಕಾಣುತ್ತದೆ. ನಿಮಗೂ ಹೀಗಾದರೆ ಸುಮ್ನೆ ಹೆದರಿ ಅಳಿಸಬೇಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರುವ ಲ್ಯಾಪ್‌ಟಾಪ್ ಆದರೆ 48 ಅಂಕಿಯ ರಿಕವರಿ ಕೀ ಬೇಕು, ಈಗಲೇ ಬರೆದಿಟ್ಟುಕೊಳ್ಳಿ.

ಪೆನ್ ಡ್ರೈವ್ ರಿಪೇರಿ ಮಾಡುವುದಿಲ್ಲ. ತಪ್ಪು ಎಲ್ಲಿದೆ ಎಂದು ತೋರಿಸುತ್ತದೆ, ಫೈಲ್ ಉಳಿಸಿಕೊಡುತ್ತದೆ. ಮಿಂಟ್‌ನಲ್ಲೂ ಹ್ಯಾಂಗ್ ಆದರೆ ರ‍್ಯಾಮ್ ಒಂದೊಂದೇ ತೆಗೆದು ನೋಡಿ, ಫ್ಯಾನ್ ಧೂಳು ನೋಡಿ, ಎಸ್‌ಎಂಪಿಎಸ್ ನೋಡಿ. ಹೊಸ ಡಿಸ್ಕ್‌ಗೆ ದುಡ್ಡು ಹಾಕುವ ಮೊದಲು ಇದು ತಿಳಿದಿರಲೇಬೇಕು.

ಮೂರನೆಯದು ಆ ಹೊಸ ಡಿಸ್ಕ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಂದೆ. ಹಳೆಯ ಕೇಬಲ್‌ಗಳೇ ಸಾಕಾದವು. ಮದರ್‌ಬೋರ್ಡ್ ಅದೇ ಇದ್ದುದರಿಂದ ವಿಂಡೋಸ್ ಲೈಸೆನ್ಸ್ ತಾನೇ ಬಂತು. ಮೊದಲು ಡೆಸ್ಕ್‌ಟಾಪ್ ಬರಲು ಮೂರು ನಿಮಿಷ ಹಿಡಿಯುತ್ತಿತ್ತು, ಈಗ ಇಪ್ಪತ್ತು ಸೆಕೆಂಡ್. ಒಂದು ತೊಡಕಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಮ್ಮ ಹಳೇ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅಪ್ಪನಿಗೆ ನುಡಿ ಬೇಕೇ ಬೇಕು. ಅದಕ್ಕೇ ಎರಡನ್ನೂ ಹಾಕಿದೆ: ಟೈಪಿಂಗ್‌ಗೆ ಇಂಟರ್‌ನೆಟ್ ಇಲ್ಲದ ವಿಂಡೋಸ್, ಬ್ಯಾಂಕು ಮೇಲ್‌ಗಳಿಗೆ ಮಿಂಟ್.

ಅಪ್ಪನ ಮೂರು ಫೈಲ್ ಮಾತ್ರ ಓದಲಾಗಲೇ ಇಲ್ಲ. ಅವುಗಳ ಕೈಬರಹದ ಹಾಳೆ ಅಟ್ಟದಲ್ಲಿ ಸಿಕ್ಕಿವೆ. ದಿನಕ್ಕೆರಡು ಪುಟದಂತೆ ಮತ್ತೆ ಟೈಪ್ ಮಾಡುತ್ತಿದ್ದಾರೆ, ಈ ಸಲ ಯೂನಿಕೋಡ್‌ನಲ್ಲಿ.