ನೇತ್ರಾಣಿಗೆ ಸ್ನಾರ್ಕ್ಲಿಂಗ್ ಹೋಗುವವರೇ, ಚಳಿಯ ವಿಷಯ ಬೋಟಿನವರು ಹೇಳುವುದಿಲ್ಲ

ರಜೆಗೆ ಮಕ್ಕಳನ್ನು ಕಟ್ಟಿಕೊಂಡು ನೇತ್ರಾಣಿ ದ್ವೀಪದ ಕಡೆ ಹೊರಡುವವರು ಹಣ ಕಟ್ಟುವ ಮೊದಲು ಇದನ್ನೊಂದು ಸಲ ಓದಿ. ಇದು ಮುಳುಗಿದ ಕಥೆ ಅಲ್ಲ. ಯಾರೂ ಮುಳುಗಲಿಲ್ಲ. ಹನ್ನೊಂದು ವರ್ಷದ ಹುಡುಗಿ ಲೈಫ್ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಹಗ್ಗ ಹಿಡಿದುಕೊಂಡು, ಅಷ್ಟೂ ಜನರ ಕಣ್ಣೆದುರೇ ಚಳಿಗೆ ಮರಗಟ್ಟಿದಳು. ಅದೂ ನಮ್ಮ ಅರಬ್ಬಿ ಸಮುದ್ರದಲ್ಲಿ, ಮಟಮಟ ಮಧ್ಯಾಹ್ನ.

ನಮ್ಮ ಸಮುದ್ರದಲ್ಲಿ ಎಲ್ಲಿಯ ಚಳಿ ಅಂತ ನಗಬೇಡಿ. ಬೋಟಿನವರೂ ಅದನ್ನೇ ಹೇಳಿದ್ದು.

ನಾನು ಕಾರವಾರದವನು. ಸ್ನಾರ್ಕ್ಲಿಂಗ್, ಅಂದರೆ ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಾಡುವ ಪೈಪ್ ಇಟ್ಟುಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವ ಹುಚ್ಚು ಮೊದಲಿನಿಂದಲೂ ಇದೆ. ಆದರೆ ನಮ್ಮಲ್ಲಿ ಕಾಳಿ ನದಿ ಬಂದು ಸೇರುವುದರಿಂದ ದಡದ ಹತ್ತಿರ ನೀರು ಹೆಚ್ಚಾಗಿ ಕಲಕಿಯೇ ಇರುತ್ತದೆ. ಹವಳ, ಬಣ್ಣದ ಮೀನು ನೋಡಬೇಕು ಅಂದರೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗಿರುವ ನೇತ್ರಾಣಿಗೇ ಹೋಗಬೇಕು. ಹೋದ ಡಿಸೆಂಬರಿನಲ್ಲಿ ಶಿರಸಿಯಿಂದ ತಂಗಿ, ಭಾವ, ಅವರ ಮಗಳು ಬಂದಿದ್ದರು. ಮೀನು ನೋಡಬೇಕು ಅಂತ ಆ ಹುಡುಗಿ ದೀಪಾವಳಿಯಿಂದಲೂ ದುಂಬಾಲು ಬಿದ್ದಿದ್ದಳು. ಸರಿ, ಫೋನಿನಲ್ಲೇ ಅಡ್ವಾನ್ಸ್ ಕಟ್ಟಿ ಬುಕ್ ಮಾಡಿದೆವು. ಯಾರ ಹತ್ತಿರ ಅಂತ ಬರೆಯುವುದಿಲ್ಲ. ಹೆಸರು ಹಾಕಿದರೆ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಒಳ್ಳೆಯವರು ಅಂದುಕೊಳ್ಳುತ್ತೀರಿ.

ಏಳು ಗಂಟೆಗೆ ದಡದಲ್ಲಿರಬೇಕು, ತಡವಾದರೆ ಬೋಟ್ ಬಿಟ್ಟುಬಿಡುತ್ತೇವೆ ಅಂದಿದ್ದರು. ನಾವು ಆರೂವರೆಗೇ ಹಾಜರು. ಬೋಟ್ ಹೊರಟಿದ್ದು ಹತ್ತೂವರೆಗೆ! ಬೆಂಗಳೂರಿನಿಂದ ಬರುವ ಒಂದು ಗುಂಪಿಗೆ ಕಾದರು, ಆಮೇಲೆ ಇನ್ನೂ ಎರಡು ಸೀಟು ತುಂಬಲಿ ಅಂತ ಕಾದರು.

ಕಾಯುವುದಕ್ಕೆ ಬೇಜಾರಿಲ್ಲ. ಬಸ್ಸಿಗೆ ಕಾದು ಬೆಳೆದವರು ನಾವು. ಆದರೆ ಈ ಮೂರೂವರೆ ಗಂಟೆ ಸಮುದ್ರದಲ್ಲಿ ಏನು ಮಾಡುತ್ತದೆ ಗೊತ್ತಾ? ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ. ಆಗ ದಡದ ಕಡೆ ನೀರು ಶಾಂತ. ಬಿಸಿಲೇರಿ ನೆಲ ಕಾದಮೇಲೆ ಗಾಳಿ ತಿರುಗುತ್ತದೆ, ಸಮುದ್ರದಿಂದ ನೆಲಕ್ಕೆ ಬೀಸಲು ಶುರುವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಣ್ಣ ಸಣ್ಣ ಅಲೆ ಎದ್ದು ನೀರು ಕುದಿಯುವ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಬಲೆ ಮಡಚುತ್ತಿದ್ದ ಹಿರಿಯ ತಾಂಡೇಲರೊಬ್ಬರು (ಮೀನುಗಾರಿಕೆ ದೋಣಿ ನಡೆಸುವವರು) ನಮ್ಮನ್ನು ನೋಡಿ, "ಈಗ ಹೊರಟ್ರೆ ಗಾಳಿ ಸಿಗ್ತದೆ ಮಾರಾಯ್ರೆ" ಅಂದರು. ನಮ್ಮ ಬೋಟಿನವರು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಹೊರಡುವಾಗ ಇನ್ನೊಂದು ಕೆಲಸ ಮಾಡಿದರು. ಬ್ಯಾಗ್ ಯಾವುದೂ ಬೇಡ, ಒದ್ದೆಯಾಗುತ್ತದೆ, ಜಾಗವೂ ಇಲ್ಲ ಅಂತ ಎಲ್ಲರ ಚೀಲವನ್ನೂ ತಮ್ಮ ಆಫೀಸಿನಲ್ಲೇ ಇಡಿಸಿದರು. ಟವೆಲ್, ಒಣ ಬಟ್ಟೆ, ತಂಗಿ ಮಾಡಿ ತಂದಿದ್ದ ಫ್ಲಾಸ್ಕಿನ ಕಷಾಯ ಎಲ್ಲ ದಡದಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಎದುರುಗಾಳಿ. ಅಲೆಗೆ ಬೋಟಿನ ಮೂತಿ ಬಡಿದಾಗಲೆಲ್ಲ ನೀರು ಮೈಮೇಲೆ. ದ್ವೀಪ ಮುಟ್ಟುವಷ್ಟರಲ್ಲಿ ಎಲ್ಲರೂ ತೊಪ್ಪೆ. ಹುಡುಗಿ ಬೆಳಿಗ್ಗೆ ತಿಂದ ಅವಲಕ್ಕಿಯನ್ನೆಲ್ಲ ಕಾರಿಕೊಂಡಳು. ಹೊಟ್ಟೆ ಖಾಲಿ, ಮೈ ಒದ್ದೆ, ಗಾಳಿ ಬೇರೆ. ನೀರಿಗಿಳಿಯುವ ಮೊದಲೇ ಅವಳ ಮೈಕಾವು ಅರ್ಧ ಹೋಗಿತ್ತು ಅಂತ ಈಗ ಅನಿಸುತ್ತದೆ.

ನೇತ್ರಾಣಿಯ ನೀರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಬಂಡೆಯ ಬುಡದಲ್ಲಿ ಹವಳ, ಅದನ್ನು ಕೊರೆದು ತಿನ್ನುವ ಗಿಳಿಮೀನು, ಹಳದಿ ಪಟ್ಟೆಯ ಚಿಟ್ಟೆಮೀನು. ಮೊದಲೈದು ನಿಮಿಷ ಹುಡುಗಿ ಪೈಪ್ ಬಾಯಲ್ಲಿಟ್ಟುಕೊಂಡೇ ಏನೇನೋ ಕೂಗುತ್ತಿದ್ದಳು. ಆದರೆ ಕೊಟ್ಟ ಜಾಕೆಟ್ ದಪ್ಪ ಥರ್ಮೋಕೋಲಿನ ಮಾದರಿಯದು. ಅದು ಮನುಷ್ಯನನ್ನು ನೆಟ್ಟಗೆ, ಮುಖ ಮೇಲೆ ಮಾಡಿ ತೇಲಿಸುವುದಕ್ಕೆ ಇರುವುದು. ಸ್ನಾರ್ಕ್ಲಿಂಗ್ ಮಾಡಬೇಕಾದರೆ ಮುಖ ಕೆಳಗೆ ಮಾಡಿ ಮಲಗಬೇಕು. ಹಾಗಾಗಿ ಪ್ರತಿ ಕ್ಷಣ ಜಾಕೆಟ್ ಜೊತೆ ಗುದ್ದಾಟ. ಅಲೆಯ ನೀರು ಪೈಪಿನೊಳಗೆ ನುಗ್ಗುತ್ತದೆ, ಮಾಸ್ಕ್ ಸೋರುತ್ತದೆ. ಭಾವನ ಮೀಸೆ ಸ್ವಲ್ಪ ಜಾಸ್ತಿ. ಮೀಸೆ ಇದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಸ್ವಲ್ಪ ವ್ಯಾಸಲಿನ್ ಹಚ್ಚಿಕೊಂಡರೆ ವಾಸಿ. ಅದನ್ನೂ ಅಲ್ಲಿ ಯಾರೂ ಹೇಳಲಿಲ್ಲ, ನಾನೇ ಹೇಳಿದೆ. ಹಚ್ಚಲು ವ್ಯಾಸಲಿನ್ ಎಲ್ಲಿ? ಅದೂ ಬ್ಯಾಗಿನಲ್ಲಿ.

ಅಷ್ಟು ಜನಕ್ಕೆ ನೀರಿನಲ್ಲಿದ್ದವನು ಬೋಟಿನವರ ಕಡೆಯ ಒಬ್ಬನೇ ಹುಡುಗ. ಒಬ್ಬೊಬ್ಬರನ್ನೇ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ ಫೋಟೋ ತೆಗೆಯುತ್ತಾನೆ. ಉಳಿದವರು ಹಗ್ಗ ಹಿಡಿದು ಸುಮ್ನೆ ತೇಲುತ್ತಾ ಕಾಯಬೇಕು. ಈಜುತ್ತಿದ್ದರೆ ಮೈ ಸ್ವಲ್ಪ ಬಿಸಿಯಾದರೂ ಇರುತ್ತದೆ. ನಿಂತ ಕಡೆಯೇ ನಿಂತರೆ ಅದೂ ಇಲ್ಲ.

ಸ್ವಲ್ಪ ಹೊತ್ತಿಗೆ ಹುಡುಗಿಯ ಮಾತು ನಿಂತಿತು. ಹತ್ತಿರ ಹೋದೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಗ್ಗ ಹಿಡಿದ ಬೆರಳು ಮಡಚಲು ಬರುತ್ತಿರಲಿಲ್ಲ, ಮೊಣಕೈಗೆ ಹಗ್ಗ ಸುತ್ತಿಕೊಂಡಿದ್ದಳು. "ಮಾವ, ಚಳಿ" ಅನ್ನಲು ಹೋದರೆ ಹಲ್ಲು ಕಟಕಟ ಅಂದು ಮಾತು ತೊದಲುತ್ತಿತ್ತು. ಹುಡುಗನನ್ನು ಕೂಗಿದೆ. ಅವನು ಅಲ್ಲಿಂದಲೇ, "ಹೆದರ್ಕೊಂಡಿದ್ದಾಳೆ ಸರ್, ಸ್ವಲ್ಪ ಹೊತ್ತಿಗೆ ಸರಿಯಾಗ್ತಾಳೆ. ನೀರು ಬಿಸಿಯೇ ಇದೆ ನೋಡಿ" ಅಂದ. ಶಿರಸಿ ಕಡೆಯ ಹೊಳೆಯಲ್ಲಿ ಬಿದ್ದು ಎದ್ದು ಈಜು ಕಲಿತ ಹುಡುಗಿ ಅದು. ನೀರಿಗೆ ಹೆದರುವ ಜಾತಿಯೇ ಅಲ್ಲ.

ಬೋಟಿಗೆ ಏಣಿ ಇರಲಿಲ್ಲ. ಪಕ್ಕಕ್ಕೆ ಒಂದು ಹಳೇ ಟೈರ್ ಇಳಿಬಿಟ್ಟಿದ್ದರು, ಅದರ ಮೇಲೆ ಕಾಲಿಟ್ಟು ಹತ್ತಬೇಕು. ಅವಳಿಗೆ ಕಾಲೆತ್ತಲು ಆಗಲಿಲ್ಲ. ಮೇಲಿನಿಂದ ಇಬ್ಬರು ಜಾಕೆಟ್ ಹಿಡಿದು ಎಳೆದರೆ ಜಾಕೆಟ್ ಮಾತ್ರ ಕಿವಿಯವರೆಗೆ ಬಂತು, ಹುಡುಗಿ ಕೆಳಗೇ. ಕೊನೆಗೆ ಕೆಳಗಿನಿಂದ ನಾನು, ಭಾವ ಸೇರಿ ತಳ್ಳಿದೆವು.

ಮೇಲೆ ಹತ್ತಿಸಿದ ಮೇಲೆ ಹೊದಿಸಲು ಒಂದು ತುಂಡು ಒಣ ಬಟ್ಟೆ ಇಲ್ಲ. ಕುಡಿಯಲು ಕೊಟ್ಟಿದ್ದು ಐಸ್ ಬಾಕ್ಸಿನಲ್ಲಿದ್ದ ತಂಪು ಪಾನೀಯ! ವಾಪಸ್ ಹೋಗೋಣ ಅಂದರೆ ಆಗುವುದಿಲ್ಲ. ಅದೇ ಬೋಟಿನಲ್ಲಿ ಸ್ಕೂಬಾದವರೂ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವವರೂ ಬಂದಿದ್ದರು, ಅವರು ಕೆಳಗಿದ್ದರು. ನೀರಿನೊಳಗೆ ಜನ ಇರುವಾಗ ಬೋಟ್ ಬಿಡುವ ಹಾಗಿಲ್ಲ. ಅದು ಸರಿಯೇ. ಆದರೆ ನಮ್ಮ ಪಾಲಿಗೆ ಇನ್ನೊಂದು ಬೋಟೂ ಇಲ್ಲ. ಡ್ರೈವರ್ ಒಬ್ಬನೇ ಸ್ವಲ್ಪ ಮನುಷ್ಯತ್ವದವನು. ಎಂಜಿನ್ ಮೇಲೆ ಮುಚ್ಚಿದ್ದ ತಾಡಪಾಲು ಬಿಚ್ಚಿ ಗಾಳಿಗೆ ಅಡ್ಡ ಹಿಡಿದ, ತನ್ನ ಒಣ ಶರ್ಟ್ ಬಿಚ್ಚಿಕೊಟ್ಟ. ತಂಗಿ ಮಗಳ ಒದ್ದೆ ಬಟ್ಟೆ ತೆಗೆದು, ಆ ಶರ್ಟ್ ಹಾಕಿ, ಮೈಗೆ ಮೈ ಒತ್ತಿ ಕೂತಳು. ಯಾರೋ ಅಂಗಾಲು, ಅಂಗೈ ತಿಕ್ಕಲು ಬಂದರು, ಬೇಡ ಅಂದೆ. ಚಳಿ ಹಿಡಿದವರ ಕೈಕಾಲು ತಿಕ್ಕಬಾರದು. ಮೊದಲು ಎದೆ, ಹೊಟ್ಟೆ ಬಿಸಿಯಾಗಬೇಕು. ದಡಕ್ಕೆ ಬಂದು ಕಷಾಯ ಕುಡಿಸಿ, ಡಾಕ್ಟರಿಗೆ ತೋರಿಸಿದೆವು. ಸಂಜೆಗೆ ಸರಿಯಾದಳು.

ಈಗ ಲೆಕ್ಕ ನೋಡಿ. ಚಳಿಗಾಲದಲ್ಲಿ ನಮ್ಮ ಕಡೆಯ ಸಮುದ್ರ ಸುಮಾರು 27–28 ಡಿಗ್ರಿ. ಮೈ 37 ಡಿಗ್ರಿ. 28 ಡಿಗ್ರಿಯ ಗಾಳಿಯಲ್ಲಿ ನಾವು ಬೆವರುತ್ತೇವೆ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ದೊಡ್ಡವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸಣಕಲು ಮಕ್ಕಳಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತಾರೆ. ಏಪ್ರಿಲ್, ಮೇನಲ್ಲಿ ನೀರು ಇದಕ್ಕಿಂತ ಬೆಚ್ಚಗಿರುತ್ತದೆ. ಆದರೆ ಜನ ನುಗ್ಗುವುದು ಡಿಸೆಂಬರ್, ಜನವರಿಯಲ್ಲಿ, ಯಾಕೆಂದರೆ ಆಗಲೇ ನೀರು ತಿಳಿ, ಆಗಲೇ ರಜೆ.

ಕಾರವಾರದವರಿಗೆ 2019ರ ಜನವರಿ ಮರೆತಿಲ್ಲ. ನಮ್ಮೂರ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುವಾಗ ದೋಣಿ ಮಗುಚಿ 16 ಜನ ಹೋದರು, ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಅದಾದ ಮೇಲೆ ನಾವೆಲ್ಲ ಜಾಕೆಟ್ ಇದೆಯಾ ಅಂತ ಕೇಳಲು ಕಲಿತೆವು. ಅಲ್ಲಿಗೇ ನಿಲ್ಲಿಸಿದೆವು. ಜಾಕೆಟ್ ಮುಳುಗದ ಹಾಗೆ ನೋಡಿಕೊಳ್ಳುತ್ತದೆ, ಚಳಿ ತಡೆಯಲು ಅದೊಂದೇ ಸಾಲುವುದಿಲ್ಲ.

ಹಾಗಾಗಿ ಹಣ ಕೊಡುವ ಮೊದಲು ಬೋಟ್ ಎಷ್ಟು ಗಂಟೆಗೆ ಹೊರಡುತ್ತದೆ, ಎಂಟೂವರೆ ದಾಟಿದರೆ ಹಣ ವಾಪಸ್ ಕೊಡುತ್ತೀರಾ ಅಂತ ಕೇಳಿ. ನನಗೆ ಇದೇ ಮುಖ್ಯ. ಬೇರೆಲ್ಲ ಇದರ ಹಿಂದೆ ಬರುವುದು. ಸ್ಕೂಬಾ, ಸ್ನಾರ್ಕ್ಲಿಂಗ್ ಒಂದೇ ಬೋಟಾದರೆ ನಿಮ್ಮ ಮಗುವಿಗೆ ಏನೇ ಆದರೂ, ಕೆಳಗಿದ್ದವರು ಮೇಲೆ ಬರುವವರೆಗೆ ಕಾಯಬೇಕು, ತಿಳಿದಿರಲಿ. ಮಕ್ಕಳ ಅಳತೆಯ ವೆಟ್ ಸೂಟ್ (ಮೈಗೆ ಅಂಟಿ ಕೂತು ಬಿಸಿ ಹಿಡಿದಿಡುವ ರಬ್ಬರಿನಂಥ ಉಡುಪು) ಇದೆಯಾ ಕೇಳಿ. ದೊಡ್ಡವರದನ್ನೇ ಮಡಚಿ ಹಾಕಿಸಿದರೆ ಒಳಗೆ ನೀರು ಹರಿದಾಡಿ ಇದ್ದೂ ಇಲ್ಲದ ಹಾಗೆ. ಏಣಿ ಇದೆಯಾ ಅಂತ ಫೋನಿನಲ್ಲಿ ಕೇಳಬೇಡಿ, ಹೋಗಿ ನೋಡಿ. ನೀರು ಹೋಗದ ಚೀಲದಲ್ಲಿ ಟವೆಲ್, ಒಣ ಬಟ್ಟೆ, ಫ್ಲಾಸ್ಕ್ ಹಾಕಿಕೊಂಡು, ಬೇಡ ಅಂದರೂ ತೆಗೆದುಕೊಂಡೇ ಹತ್ತಿ. ವೈರ್‌ಲೆಸ್ ಸೆಟ್ ಇದೆಯಾ ಅಂತಲೂ ನೋಡಿ, ಅಷ್ಟು ದೂರದಲ್ಲಿ ಮೊಬೈಲ್ ನಂಬುವ ಹಾಗಿಲ್ಲ. ಕೋಸ್ಟ್ ಗಾರ್ಡ್ ನಂಬರ್ 1554, ಬರೆದಿಟ್ಟುಕೊಳ್ಳಿ. ಮಗು ನೀರಿನಲ್ಲಿ ಮಾತು ಕಡಿಮೆ ಮಾಡಿದರೆ ಹೆದರಿಕೆ ಅಂತ ಬಿಡಬೇಡಿ, ತುಟಿ ನೋಡಿ, ಬೆರಳು ಮಡಚಿಸಿ ನೋಡಿ. ನಡುಗುತ್ತಿದ್ದ ಮಗು ಒದ್ದೆಯಲ್ಲಿರುವಾಗಲೇ ನಡುಗುವುದು ನಿಲ್ಲಿಸಿ ಮಂಕಾದರೆ ಅದು ಸುಧಾರಿಸಿದ್ದಲ್ಲ, ಇನ್ನೂ ಕೆಟ್ಟಿದ್ದು.

ಹಣದ ಕಥೆ ಇಷ್ಟೇ. ವಾಪಸ್ ಕೇಳಿದ್ದಕ್ಕೆ, "ನೀರಿಗೆ ಇಳಿದಿದ್ದೀರಲ್ವಾ ಸರ್, ಫೋಟೋ ಬೇರೆ ಕೊಟ್ಟಿದ್ದೇವೆ" ಅಂದರು. ರಶೀದಿ ಕೇಳಿದರೆ ವಾಟ್ಸಾಪಿನಲ್ಲಿ ಕಳಿಸುತ್ತೇವೆ ಅಂದರು, ಇವತ್ತಿಗೂ ಬಂದಿಲ್ಲ. ಅಡ್ವಾನ್ಸ್ ಹೋಗಿದ್ದು ಯಾರದ್ದೋ ಸ್ವಂತ ನಂಬರಿಗೆ, ಕಂಪನಿ ಹೆಸರಿಗಲ್ಲ. ದೂರು ಕೊಡಲು ಹೋದರೆ ಮೊದಲು ಕೇಳುವುದೇ ರಶೀದಿ. ಹಣ ಕಳಿಸುವಾಗ ಪರದೆಯ ಮೇಲೆ ಯಾರ ಹೆಸರು ಬರುತ್ತದೆ ಅಂತ ನೋಡಿ. ಬುಕ್ ಮಾಡಿದ ಕಂಪನಿಯ ಹೆಸರಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ದಡಕ್ಕೆ ಬಂದು ರಶೀದಿ ತಗೊಂಡೇ ಕೊಡುತ್ತೇವೆ ಅನ್ನಿ.