ಮ್ಯಾಥ್ಯೂ ಪೆರ್ರಿ ಆತ್ಮಕಥೆ: ಓದೋದಕ್ಕಿಂತ ಕೇಳೋದೇ ವಾಸಿ

ಮೊದ್ಲೇ ಹೇಳ್ಬಿಡ್ತೀನಿ, ಆರು ಜನ ಗೆಳೆಯರ ಕಥೆ ಇರೋ ಅಮೆರಿಕದ ಸಿಟ್‌ಕಾಮ್, ಅಂದ್ರೆ ಕಾಮಿಡಿ ಸೀರಿಯಲ್, ಫ್ರೆಂಡ್ಸ್‌ನ ಶೂಟಿಂಗ್ ಕಥೆಗಳು, ಯಾರ್ಯಾರ ಮಧ್ಯೆ ಏನಿತ್ತು ಅನ್ನೋ ಗಾಸಿಪ್ಪು, ಇದಕ್ಕೋಸ್ಕರ ತಗೊಳ್ಳೋದಾದ್ರೆ ತಗೋಬೇಡಿ. ಅದೂ ಇದೆ, ಇಲ್ಲ ಅಂತಲ್ಲ, ಆದ್ರೆ ಊಟದಲ್ಲಿ ಉಪ್ಪಿನಕಾಯಿ ಇದ್ದಷ್ಟು. ಮ್ಯಾಥ್ಯೂ ಪೆರ್ರಿ, ಅಂದ್ರೆ ಅದರಲ್ಲಿ ನಮ್ಮೆಲ್ಲರ ಚಾಂಡ್ಲರ್ ಬಿಂಗ್ ಆಗಿದ್ದೋನು, 2022ರ ನವೆಂಬರ್ 1ಕ್ಕೆ ಹೊರಗೆ ತಂದ ಆತ್ಮಕಥೆ ಇದು, ಹೆಸ್ರು 'ಫ್ರೆಂಡ್ಸ್, ಲವರ್ಸ್, ಅಂಡ್ ದ ಬಿಗ್ ಟೆರಿಬಲ್ ಥಿಂಗ್'. ಆ ಹೆಸರಲ್ಲಿ ಕೊನೆಗೆ ಬರೋದು ಅವನ ಕುಡಿತ, ಮಾತ್ರೆ ಚಟ, ಪುಸ್ತಕದ ಬಹುಪಾಲನ್ನ ಅದೇ ತಿಂದ್ಹಾಕಿದೆ. ನಾನು ಹೇಳ್ತಿರೋದು ಆಡಿಯೋಬುಕ್ ಬಗ್ಗೆ, ಹತ್ರತ್ರ ಒಂಬತ್ತು ಗಂಟೆ, ಅವನೇ ಕೂತು ಓದಿರೋದು. ಪ್ರಿಂಟ್ ಪುಸ್ತಕಾನೂ ತಿರುವಿ ಹಾಕಿದೀನಿ, ಎರಡರಲ್ಲಿ ಒಂದೇ ತಗೋಬೇಕು ಅಂದ್ರೆ ಕಣ್ಮುಚ್ಕೊಂಡು ಆಡಿಯೋ ತಗೊಳ್ಳಿ.

ಯಾಕೆ ಅಂದ್ರೆ, ಚಾಂಡ್ಲರ್ ಜೋಕು ಕಾಗದದ ಮೇಲೆ ಅರ್ಧ ಸತ್ತೋಗಿರುತ್ತೆ. ಯಾವ ಪದಾನ ಒತ್ತಿ ಹೇಳ್ಬಾರ್ದೋ ಅದನ್ನೇ ಒತ್ತಿ ಹೇಳೋದು, ವಾಕ್ಯನ ಎಲ್ಲೋ ಮಧ್ಯ ಮುರಿಯೋದು, ಆ ಧಾಟಿ ಇದ್ರೇನೇ ನಗು. ಆ ಧಾಟಿ ಬರಹಗಾರರು ಕೊಟ್ಟಿದ್ದಲ್ಲ, ಒಟ್ಟಾವಾದಲ್ಲಿ ಸ್ಕೂಲಲ್ಲಿ ಇರ್ಬೇಕಾದ್ರೆ ಮರ್ರೆ ಅನ್ನೋ ಅಣ್ಣತಮ್ಮಂದಿರ ಜೊತೆ ಸೇರ್ಕೊಂಡು ಕಂಡುಕೊಂಡಿದ್ದಂತೆ, ಆಮೇಲೆ ಇಡೀ ಜಗತ್ತೇ ಅದನ್ನ ಅನುಕರಣೆ ಮಾಡ್ತು, ಎಷ್ಟರಮಟ್ಟಿಗೆ ಅಂದ್ರೆ ಕೊನೆಕೊನೆಗೆ ದಯವಿಟ್ಟು ಇನ್ನು ಹಂಗೆ ಮಾತಾಡ್ಸ್ಬೇಡಿ ಅಂತ ಇವನೇ ಪ್ರೊಡ್ಯೂಸರ್‌ಗಳ ಹತ್ರ ಬೇಡ್ಕೊಳ್ಳೋ ಹಾಗಾಯ್ತು. ಆಡಿಯೋದಲ್ಲಿ ಆ ಧಾಟಿ ಅಲ್ಲಲ್ಲಿ ಮಿಂಚುತ್ತೆ, ಆದ್ರೆ ದನಿ ಮಾತ್ರ ಚಾಂಡ್ಲರ್‌ದಲ್ಲ. ದಪ್ಪ ಆಗಿದೆ, ಕೆಲವು ಅಕ್ಷರ ಜಾರುತ್ತೆ, ಒಂದೊಂದ್ಸಲ ಓಡ್ತಾನೆ, ಒಂದೊಂದ್ಸಲ ಸುಸ್ತಾದವನ ಥರ ಎಳೀತಾನೆ. ಇದು ಸರಿ ಇಲ್ಲ, ತೊದಲ್ತಾನೆ, ಬೇರೆ ಯಾರಾದ್ರೂ ಓದ್ಬೇಕಿತ್ತು ಅಂತ ಬೈಯೋರಿದಾರೆ. ನನಗಂತೂ ಅದೇ ಈ ಆಡಿಯೋದ ಅಸಲಿ ಸರಕು ಅನ್ಸ್ತು. ಅವನು ತುಂಬಾ ನೋವಿನ ವಿಷಯ ಹೇಳೋವಾಗ ಸ್ಪೀಡ್ ಜಾಸ್ತಿ ಆಗುತ್ತೆ, ಹೇಳಿ ಮುಗಿಸಿದ ತಕ್ಷಣ ಒಂದು ಜೋಕ್ ಎಸೀತಾನೆ, ಆದ್ರೆ ಇಲ್ಲಿ ನಗೋಕೆ ಸ್ಟುಡಿಯೋದಲ್ಲಿ ಜನ ಇಲ್ವಲ್ಲ. 2021ರಲ್ಲಿ ಆರೂ ಜನ ಮತ್ತೆ ಸೇರಿದ ಸ್ಪೆಷಲ್ ಕಾರ್ಯಕ್ರಮ ನೋಡಿದೋರಿಗೆ ನೆನಪಿರ್ಬಹುದು, ಆಡಿಯನ್ಸ್ ನಗ್ಲಿಲ್ಲ ಅಂದ್ರೆ ನನಗೆ ಸತ್ತೇ ಹೋಗ್ತೀನಿ ಅನ್ನಿಸ್ತಿತ್ತು ಅಂತ ಅಲ್ಲಿ ಹೇಳಿದ್ದ, ಪಕ್ಕದಲ್ಲಿ ಕೂತಿದ್ದೋರೇ ಇದನ್ನ ನಮಗೆ ಯಾವತ್ತೂ ಹೇಳೇ ಇರ್ಲಿಲ್ವಲ್ಲ ಅಂತ ಮುಖ ನೋಡಿದ್ರು. ಅಂಥ ಮನುಷ್ಯ ಒಂಬತ್ತು ಗಂಟೆ ಒಂದು ನಗೂನೂ ವಾಪಸ್ ಬರದೇ ಇರೋ ರೂಮಲ್ಲಿ ಜೋಕ್ ಹೇಳ್ತಾ ಕೂತಿದಾನೆ. ಪ್ರಿಂಟಲ್ಲಿ ಇದು ಸಿಗಲ್ಲ.

ಬಾಲ್ಯದ ಭಾಗ ಚೆನ್ನಾಗಿದೆ, ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದೆ. ಹುಟ್ಟಿದ್ದು 1969ರ ಆಗಸ್ಟ್ 19, ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್‌ಟೌನಲ್ಲಿ, ಅಪ್ಪ ಜಾನ್ ಬೆನೆಟ್ ಪೆರ್ರಿ ನಟ, ಓಲ್ಡ್ ಸ್ಪೈಸ್ ಜಾಹೀರಾತಲ್ಲಿ ಬರ್ತಿದ್ದ ನಾವಿಕ, ಅಮ್ಮ ಸುಝಾನ್ ಕೆನಡಾದೋರು, ಆಮೇಲೆ ಪ್ರಧಾನಿ ಪಿಯೆರ್ ಟ್ರೂಡೋಗೆ ಪ್ರೆಸ್ ಸೆಕ್ರೆಟರಿ ಆದ್ರು. ಮಗುಗೆ ವರ್ಷ ತುಂಬೋ ಮುಂಚೆನೇ ಅಪ್ಪ ಅಮ್ಮ ಬೇರೆ ಆದ್ರು. ತಿಂಗಳ ಕೂಸಾಗಿದ್ದಾಗ ಹೊಟ್ಟೆನೋವಿಗೆ ಅಳ್ತಿದಾನೆ ಅಂತ ಡಾಕ್ಟ್ರು ಫಿನೋಬಾರ್ಬಿಟಾಲ್ ಕೊಟ್ಟಿದ್ರಂತೆ, ಅದು ಮತ್ತು ಬರಿಸೋ ಔಷಧಿ, ಇದನ್ನ ಅವನು ದೂರೋ ಥರ ಹೇಳಲ್ಲ ಆದ್ರೆ ಮರೆತೂ ಇಲ್ಲ. ಐದು ವರ್ಷದ ಹುಡುಗನ್ನ ಅಪ್ಪನ್ನ ನೋಡ್ಕೊಂಡು ಬಾ ಅಂತ ಮಾಂಟ್ರಿಯಲ್‌ನಿಂದ ಲಾಸ್ ಏಂಜಲೀಸ್‌ಗೆ ಒಬ್ಬನ್ನೇ ಪ್ಲೇನ್ ಹತ್ತಿಸಿ ಕಳಿಸಿದ್ರು. ಜೊತೆಗೆ ಯಾರೂ ಇಲ್ಲ, ಇದಕ್ಕೆ ಅವನು ಪುಸ್ತಕ ಪೂರ್ತಿ ಮತ್ತೆ ಮತ್ತೆ ವಾಪಸ್ ಬರ್ತಾನೆ, ಹುಡುಗಿಯರು ಬಿಟ್ಟು ಹೋಗೋ ಮುಂಚೆ ತಾನೇ ಬಿಡೋದು, ರಾತ್ರಿ ಒಂಟಿಯಾಗಿರೋಕೆ ಭಯ, ಎಲ್ಲದರ ಬೇರನ್ನ ಆ ಪ್ಲೇನಲ್ಲೇ ಹುಡುಕ್ತಾನೆ. ಸ್ವಲ್ಪ ಜಾಸ್ತಿನೇ ಹುಡುಕ್ತಾನೆ ಅನ್ಸುತ್ತೆ ಒಂದೊಂದ್ಸಲ.

ಹದಿನಾಲ್ಕಕ್ಕೆ ಮೊದಲ ಕುಡಿತ. ಅದೇ ಮರ್ರೆ ಹುಡುಗರ ಜೊತೆ, ಅವರಿಬ್ಬರು ವಾಂತಿ ಮಾಡ್ಕೊಂಡ್ರೆ ಇವನು ಹುಲ್ಲಿನ ಮೇಲೆ ಮಲಗಿ ಜೀವನದಲ್ಲಿ ಮೊದಲ ಸಲ ಏನೂ ಕಾಟ ಇಲ್ಲ ಅನ್ನೋ ಸುಖದಲ್ಲಿದ್ದ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಚಟ ಅಂದ್ರೇನು ಅಂತ ಅರ್ಥ ಮಾಡಿಸೋ ಜಾಗ ಇದೇ. (ಅಂದಹಾಗೆ ಐದನೇ ಕ್ಲಾಸಲ್ಲಿ ಇವನೂ ಒಬ್ಬ ಫ್ರೆಂಡೂ ಸೇರಿ ಪ್ರಧಾನಿ ಮಗ ಜಸ್ಟಿನ್ ಟ್ರೂಡೋಗೆ ಹೊಡೆದಿದ್ರು, ಮುಂದೆ ಆ ಹುಡುಗನೂ ಪ್ರಧಾನಿ ಆಗಿ ಬಾ ಇನ್ನೊಂದು ರೌಂಡ್ ಆಡೋಣ ಅಂತ ಟ್ವೀಟ್ ಮಾಡಿದ್ದು ಬೇರೆ ಕಥೆ.) ಟೆನ್ನಿಸ್ ಚೆನ್ನಾಗಿ ಆಡ್ತಿದ್ದ, ಕೆನಡಾದ ಜೂನಿಯರ್ ರ‍್ಯಾಂಕಿಂಗ್‌ನಲ್ಲಿದ್ದ, ಹದಿನೈದಕ್ಕೆ ಅಪ್ಪನ ಹತ್ರ ಲಾಸ್ ಏಂಜಲೀಸ್‌ಗೆ ಬಂದ್ಮೇಲೆ ಅದನ್ನ ಬಿಟ್ಟು ನಟನೆ ಹಿಡಿದ.

ಫ್ರೆಂಡ್ಸ್ ಸಿಕ್ಕ ಕಥೆ ಕೇಳ್ಬೇಕು ನೀವು, ಬಾಯಲ್ಲಿ ಕೇಳಿದ್ರೇನೇ ಮಜಾ. 1994ರಲ್ಲಿ ಕೈಯಲ್ಲಿ ಕಾಸಿಲ್ಲ ಅಂತ ಒಂದು ಪೈಲಟ್‌ಗೆ, ಅಂದ್ರೆ ಹೊಸ ಸೀರಿಯಲ್‌ನ ಪ್ರಯೋಗದ ಮೊದಲ ಎಪಿಸೋಡ್‌ಗೆ, ಸೈನ್ ಮಾಡ್ಬಿಟ್ಟಿದ್ದ, ಎಂಥ ಪೈಲಟ್ ಅಂದ್ರೆ 2194ನೇ ಇಸವಿಲಿ ಏರ್‌ಪೋರ್ಟಲ್ಲಿ ಲಗೇಜ್ ಎತ್ತೋರ ಕಾಮಿಡಿ, ಹೌದು, ಇನ್ನೂರು ವರ್ಷ ಆಚೆ ಲಗೇಜ್ ಎತ್ತೋರು. ಅದರಿಂದಾಗಿ ಫ್ರೆಂಡ್ಸ್ ಆಡಿಷನ್‌ಗೆ ಇವನನ್ನ ಕರೆಯೋ ಹಾಗಿರಲಿಲ್ಲ. ಆದ್ರೆ ಚಾಂಡ್ಲರ್ ಪಾತ್ರಕ್ಕೆ ಹೋಗ್ತಿದ್ದ ಗೆಳೆಯರೆಲ್ಲ ಇದು ನೀನೇ ಕಣೋ ಅಂತ ಇವನ ಹತ್ರನೇ ಬಂದು ಹೇಳಿಸ್ಕೊಂಡು ಹೋಗ್ತಿದ್ರು, ಹೇಳಿಕೊಟ್ಟು ಹೇಳಿಕೊಟ್ಟು ಸ್ಕ್ರಿಪ್ಟ್ ಬಾಯಿಪಾಠ ಆಗೋಗಿತ್ತು. ಪಾತ್ರ ಕ್ರೇಗ್ ಬಿಯೆರ್ಕೋ ಅನ್ನೋ ಗೆಳೆಯನಿಗೆ ಸಿಕ್ತು, ಅವನ ಕೈಲಿ ಇನ್ನೊಂದು ಪೈಲಟ್ಟೂ ಇತ್ತು, ಯಾವುದು ತಗೊಳ್ಲಿ ಅಂತ ಕೇಳಿದಾಗ ಪೆರ್ರಿ ಪ್ರಾಮಾಣಿಕವಾಗಿ ಫ್ರೆಂಡ್ಸ್ ತಗೋ ಅಂದ, ಅವನು ಇನ್ನೊಂದನ್ನ ತಗೊಂಡ! ಆಮೇಲೆ ಲಗೇಜ್ ಕಾಮಿಡಿ ಮೇಲೇಳಲ್ಲ ಅಂತ ಗೊತ್ತಾಗಿ ಇವನಿಗೆ ಬಾಗಿಲು ತೆರೀತು, ಸ್ಕ್ರಿಪ್ಟ್ ಕಾಗದ ಕೈಯಲ್ಲಿ ಹಿಡೀದೇ ಓದಿ ಬಂದ. ಇದಕ್ಕೆ ಕೆಲವು ವಾರ ಮುಂಚೆ ಮಂಡಿ ಊರಿ ದೇವ್ರೇ ನನಗೆ ಏನು ಬೇಕಾದ್ರೂ ಮಾಡು, ಫೇಮಸ್ ಒಂದು ಮಾಡ್ಬಿಡು ಅಂತ ಬೇಡ್ಕೊಂಡಿದ್ನಂತೆ. ದೇವ್ರು ಎರಡೂ ಮಾಡಿದ ಅನ್ನೋ ಅರ್ಥದಲ್ಲೇ ಮುಂದಿನ ಕಥೆ ಹೋಗುತ್ತೆ.

ಮೊದಲ ಸೀಸನ್‌ನಲ್ಲಿ ಒಬ್ಬೊಬ್ಬರಿಗೆ ಎಪಿಸೋಡ್‌ಗೆ 22,500 ಡಾಲರ್, ಕೊನೆ ಎರಡು ಸೀಸನ್‌ಗೆ ಎಪಿಸೋಡ್‌ಗೆ 10 ಲಕ್ಷ ಡಾಲರ್. ಆರೂ ಜನ ಒಟ್ಟಿಗೆ ಕೂತು ಒಂದೇ ಸಂಬಳ ಕೇಳೋಣ ಅನ್ನೋ ಐಡಿಯಾ ಆ ಆರು ಜನರಲ್ಲೊಬ್ಬ ಡೇವಿಡ್ ಶ್ವಿಮ್ಮರ್‌ದು, ಆ ಟೈಮಲ್ಲಿ ಅವನು ಒಬ್ಬನೇ ಜಾಸ್ತಿ ಕೇಳಿದ್ರೂ ಕೊಡ್ತಿದ್ರು, ಪೆರ್ರಿ ಇದನ್ನ ಕೃತಜ್ಞತೆಯಿಂದ ನೆನೀತಾನೆ. ಜೂಲಿಯಾ ರಾಬರ್ಟ್ಸ್ ಜೊತೆ ಫ್ಯಾಕ್ಸ್‌ನಲ್ಲೇ ಪ್ರೀತಿ ಮಾಡಿದ್ದು, ಬ್ರೂಸ್ ವಿಲ್ಲಿಸ್ ಬೆಟ್ ಸೋತು ಫ್ರೆಂಡ್ಸ್‌ನಲ್ಲಿ ಬಂದು ಹೋಗಿದ್ದು ಇವೆಲ್ಲ ಇದೆ, ಬೇಗ ಬೇಗ ಮುಗಿಯುತ್ತೆ. 2004ರ ಮೇ 6ರ ಕೊನೆ ಎಪಿಸೋಡ್ ಅಮೆರಿಕದಲ್ಲೇ ಐದು ಕೋಟಿಗೂ ಜಾಸ್ತಿ ಜನ ನೋಡಿದ್ರು, ಅದರ ಕೊನೇ ಡೈಲಾಗ್ ತನಗೆ ಬೇಕು ಅಂತ ಸೀರಿಯಲ್ ಹುಟ್ಟುಹಾಕಿದೋರಲ್ಲಿ ಒಬ್ಬರಾದ ಮಾರ್ಟಾ ಕೌಫ್‌ಮನ್ ಹತ್ರ ಕೇಳಿ ಇಸ್ಕೊಂಡಿದ್ನಂತೆ, ಕಾಫಿ ಕುಡಿಯೋಣ ಅಂದ್ರೆ ಎಲ್ಲಿ ಅಂತ ಕೇಳ್ತಾನಲ್ಲ, ಅದು. ಶೂಟಿಂಗ್ ಮುಗಿದು ಎಲ್ಲರೂ ಅಳ್ತಿದ್ರೆ ಇವನಿಗೆ ಏನೂ ಅನ್ನಿಸ್ಲಿಲ್ಲ, ಮಾತ್ರೆ ಪ್ರಭಾವನೋ ಒಳಗೇ ಸತ್ತಿದ್ನೋ ಗೊತ್ತಿಲ್ಲ ಅಂತಾನೆ.

ಒಂದು ಸಿನಿಮಾ ಶೂಟಿಂಗ್ ಟೈಮಲ್ಲಿ ಜೆಟ್ ಸ್ಕೀ ಆಕ್ಸಿಡೆಂಟ್, ನೋವಿಗೆ ವೈಕೊಡಿನ್ ಮಾತ್ರೆ, ಅದು ದಿನಕ್ಕೆ 55ರ ತನಕ ಹೋಯ್ತು. ಅಷ್ಟು ಮಾತ್ರೆ ಹೊಂದಿಸೋದೇ ಒಂದು ಫುಲ್ ಟೈಮ್ ಕೆಲಸ, ಡಾಕ್ಟರ್‌ಗಳಿಗೆ ಸುಳ್ಳು ಹೇಳೋದು, ಭಾನುವಾರ ಮಾರಾಟಕ್ಕಿಟ್ಟ ಮನೆ ನೋಡೋ ನೆಪದಲ್ಲಿ ಹೋಗಿ ಬಾತ್‌ರೂಮಿನ ಔಷಧಿ ಕಪಾಟಿಂದ ಕದಿಯೋದು. ಜೊತೆ ನಟಿ ಜೆನ್ನಿಫರ್ ಆನಿಸ್ಟನ್ ಬಂದು ಕುಡೀತಿದೀಯ ಅಂತ ನಮಗೆ ಗೊತ್ತು, ವಾಸನೆ ಬರುತ್ತೆ ಅಂದ ಪ್ರಸಂಗ ಕೇಳೋವಾಗ ಅವಮಾನ ಅವನ ದನಿಲೇ ಗೊತ್ತಾಗುತ್ತೆ. ಸೀರಿಯಲ್‌ನಲ್ಲಿ ಚಾಂಡ್ಲರ್‌ಗೂ ಮೋನಿಕಾಗೂ ಮದುವೆ ಆಗೋ ಎಪಿಸೋಡ್ ಮುಗಿಸಿ ಅವನನ್ನ ವಾಪಸ್ ರಿಹ್ಯಾಬ್‌ಗೆ, ಅಂದ್ರೆ ಚಟ ಬಿಡಿಸೋ ಕೇಂದ್ರಕ್ಕೆ, ಕರ್ಕೊಂಡು ಹೋದ್ರು, ಸೀರಿಯಲ್‌ನ ಅತಿ ದೊಡ್ಡ ಖುಷಿ ದಿನ ಅದು. ಸೀಸನ್‌ಗಳನ್ನ ಮತ್ತೆ ನೋಡೋರಿಗೆ ಅವನೇ ಒಂದು ಸುಳಿವು ಕೊಡ್ತಾನೆ: ನಾನು ದಪ್ಪ ಇದ್ರೆ ಕುಡಿತ, ಸಣ್ಣ ಇದ್ರೆ ಮಾತ್ರೆ, ಗಡ್ಡ ಇದ್ರೆ ತುಂಬಾ ಮಾತ್ರೆ. ಇದನ್ನ ಕೇಳಿದ್ಮೇಲೆ ಮೊದಲಿನ ಥರ ಫ್ರೆಂಡ್ಸ್ ನೋಡೋಕೆ ಆಗಲ್ಲ, ಹಾಗಾಗಿ ಅದು ಬೇಡ ಅನ್ನೋರು ಈ ಆಡಿಯೋ ಮುಟ್ಬೇಡಿ, ನಿಜವಾಗ್ಲೂ.

2018ರಲ್ಲಿ ದೊಡ್ಡಕರುಳು ಒಡೆದು ಎರಡು ವಾರ ಕೋಮಾ, ಐದು ತಿಂಗಳು ಆಸ್ಪತ್ರೆ, ಬದುಕೋ ಚಾನ್ಸ್ 2 ಪರ್ಸೆಂಟ್ ಅಂತ ಮನೆಯೋರಿಗೆ ಹೇಳಿದ್ರಂತೆ. ಹೃದಯ, ಶ್ವಾಸಕೋಶದ ಕೆಲಸ ಮಾಡೋ ಎಕ್ಮೋ ಮಷಿನ್‌ಗೆ ಆ ರಾತ್ರಿ ಹಾಕಿದ ಐವರಲ್ಲಿ ತಾನೊಬ್ಬನೇ ಉಳಿದಿದ್ದು, ನಾನೇ ಯಾಕೆ ಅಂತ ಕೇಳ್ತಾನೆ, ಅಲ್ಲಿ ಮಾತ್ರ ಜೋಕಿಲ್ಲ. ಪುಸ್ತಕ ಶುರು ಆಗೋದೇ ಇಲ್ಲಿಂದ, ಒಳ್ಳೆ ಆಯ್ಕೆ. ಚಟ ಬಿಡೋಕೆ ಸುಮಾರು 90 ಲಕ್ಷ ಡಾಲರ್ ಖರ್ಚಾಗಿದೆ ಅಂತ ಪುಸ್ತಕ ಬರೋ ಹೊತ್ತಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದ. ದುಡ್ಡಿದ್ದೋನ ಕಥೆನೇ ಹಿಂಗಾದ್ರೆ ಇಲ್ಲದೋರ್ದು ಏನು ಅಂತ ಕೇಳ್ತಾ ಕೇಳ್ತಾ ಅನ್ಸುತ್ತೆ, ಆ ಪ್ರಶ್ನೆಗೆ ಪುಸ್ತಕ ಜಾಸ್ತಿ ಹೊತ್ತು ನಿಲ್ಲಲ್ಲ, 2013ರಲ್ಲಿ ಮಾಲಿಬುನ ತನ್ನ ಮನೆನೇ ಚಟ ಬಿಡೋರಿಗೆ ಆಶ್ರಯ ಮಾಡಿದ್ದನ್ನ ಹೇಳ್ತಾನೆ ಅಷ್ಟೆ.

ಈಗ ಬೈಗುಳ. ಕಾಲಕ್ರಮ ಅನ್ನೋದು ಇಲ್ಲವೇ ಇಲ್ಲ, ಒಂದು ಅಧ್ಯಾಯ 1995, ಮುಂದಿನದ್ದು ಆಸ್ಪತ್ರೆ, ಆಮೇಲೆ ಬಾಲ್ಯ, ಆಮೇಲೆ ಯಾವುದೋ ರಿಹ್ಯಾಬು, ಪ್ರಿಂಟಲ್ಲಾದ್ರೆ ಹಿಂದೆ ತಿರುವಿ ನೋಡ್ಬಹುದು, ಆಡಿಯೋದಲ್ಲಿ ಯಾವ ರಿಹ್ಯಾಬ್ ಇದು ಅಂತ ತಲೆ ಕೆಟ್ಟೋಗುತ್ತೆ. ಅರ್ಧ ದಾಟಿದ್ಮೇಲೆ ಅದೇ ಸುತ್ತು: ರಿಹ್ಯಾಬ್, ಹೊಸ ಹುಡುಗಿ, ಭಯ, ಬ್ರೇಕಪ್, ಮತ್ತೆ ಮಾತ್ರೆ. ಚಟನೇ ಹಂಗಿರುತ್ತೆ ಅಂತ ಸಮರ್ಥನೆ ಕೊಡ್ಬಹುದು, ಆದ್ರೂ ಒಬ್ಬ ಎಡಿಟರ್ ಕೂತು ಒಂದು ಗಂಟೆಯಷ್ಟನ್ನ ಕತ್ತರಿಸ್ಬೇಕಿತ್ತು. ಹೆಂಗಸರ ಬಗ್ಗೆ ಬರೆದಿರೋದು ಕೆಲವು ಕಡೆ ಕಿರಿಕಿರಿ, ಅವರೆಲ್ಲ ಇವನನ್ನ ಉಳಿಸೋಕೆ ಅಂತ್ಲೇ ಬಂದೋರ ಥರ. ನಟ ಕಿಯಾನು ರೀವ್ಸ್ ಬಗ್ಗೆ ಒಂದು ಕೆಟ್ಟ ಮಾತಿತ್ತು, ರಿವರ್ ಫೀನಿಕ್ಸ್ ಅಂಥ ನಟರು ಸತ್ತೋದ್ರು, ಈ ರೀವ್ಸ್ ಮಾತ್ರ ಇನ್ನೂ ಇದಾನೆ ಅನ್ನೋ ಥರ, ಯಾಕೆ ಅಂತ ದೇವರಿಗೇ ಗೊತ್ತು, ಆಮೇಲೆ ಪೆರ್ರಿನೇ ಕ್ಷಮೆ ಕೇಳಿ ಮುಂದಿನ ಮುದ್ರಣದಲ್ಲಿ ಹೆಸರು ತೆಗೀತೀನಿ ಅಂದ. ಮತ್ತೆ ನಟನಾಗಿ ತನ್ನ ಕೆಲಸದ ಬಗ್ಗೆ ಅವನು ತೀರಾ ಕಮ್ಮಿ ಮಾತಾಡ್ತಾನೆ, ಇದು ನನ್ನ ದೊಡ್ಡ ದೂರು. ದ ವೆಸ್ಟ್ ವಿಂಗ್ ಅನ್ನೋ ಸೀರಿಯಲ್‌ನಲ್ಲಿ ಗೆಸ್ಟ್ ಆಗಿ ಬಂದು ಎರಡು ವರ್ಷ ಎಮ್ಮಿ ಟೀವಿ ಪ್ರಶಸ್ತಿಗೆ ನಾಮಿನೇಷನ್ ತಗೊಂಡೋನು, ಸ್ಟುಡಿಯೋ 60, ಮಿಸ್ಟರ್ ಸನ್‌ಶೈನ್, ಗೋ ಆನ್, ದ ಆಡ್ ಕಪಲ್ ಅಂತ ಒಂದಾದ ಮೇಲೊಂದು ಸೀರಿಯಲ್ ಮಾಡಿ ಯಾವುದೂ ನಿಲ್ಲದೇ ಹೋದೋನು, ಸಿಟ್‌ಕಾಮ್ ನಟನಿಗೆ ಒಂದು ಪಾತ್ರ ಅಂಟ್ಕೊಂಡ್ರೆ ಏನಾಗುತ್ತೆ ಅಂತ ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಹೇಳಿ. ಅದಕ್ಕೆ ಸಿಕ್ಕಿರೋ ಜಾಗ ಒಂದೊಂದು ಪ್ಯಾರಾ.

2023ರ ಅಕ್ಟೋಬರ್ 28ಕ್ಕೆ ಲಾಸ್ ಏಂಜಲೀಸ್‌ನ ಮನೆಯ ಹಾಟ್ ಟಬ್‌ನಲ್ಲಿ ಹೋಗ್ಬಿಟ್ಟ, 54 ವರ್ಷ, ಪುಸ್ತಕ ಬಂದು ಒಂದು ವರ್ಷಾನೂ ತುಂಬಿರಲಿಲ್ಲ. ಸಾವಿಗೆ ಮುಖ್ಯ ಕಾರಣ ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ ಅಂತ ಪೋಸ್ಟ್‌ಮಾರ್ಟಮ್ ವರದಿ ಹೇಳ್ತು. 2024ರ ಆಗಸ್ಟಲ್ಲಿ ಐದು ಜನರ ಮೇಲೆ ಕೇಸಾಯ್ತು, ಅದರಲ್ಲಿ ಇಬ್ಬರು ಡಾಕ್ಟರ್‌ಗಳು, ಒಬ್ಬ ಇವನ ಮನೆಲೇ ಇದ್ದ ಅಸಿಸ್ಟೆಂಟು. ಇದು ಗೊತ್ತಿದ್ಕೊಂಡು ಸ್ವಿಟ್ಜರ್ಲೆಂಡ್ ರಿಹ್ಯಾಬ್ ಅಧ್ಯಾಯ ಕೇಳಿ, ಅಲ್ಲಿ ಕೆಟಮಿನ್ ಕೊಟ್ಟಿದ್ದನ್ನ ವರ್ಣಿಸಿ ಇದು ನನಗಲ್ಲ ಅಂತ ತಾನೇ ಹೇಳ್ತಾನೆ, ಅದೂ ತಮಾಷೆ ಮಾಡ್ಕೊಂಡು. ನಾನು ಪಾಸ್ ಒತ್ತಿ ಸ್ವಲ್ಪ ಹೊತ್ತು ಸುಮ್ನಿದ್ದೆ. ಕೊನೆ ಅಧ್ಯಾಯಗಳಲ್ಲಿ ಈಗ ಸರಿಹೋಗಿದೀನಿ ಅಂತ ಅವನು ಹೇಳ್ಕೊಳ್ಳೋದಿದೆಯಲ್ಲ, 2022ರಲ್ಲಿ ಕೇಳಿದೋರಿಗೆ ಅದು ಸುಖಾಂತ್ಯ, ಈಗ ಕೇಳೋರಿಗೆ ಹಂಗಿಲ್ಲ. ಸುಳ್ಳು ಹೇಳ್ತಿದ್ದ ಅಂತ ನನಗನ್ಸಲ್ಲ, ಆ ಕ್ಷಣಕ್ಕೆ ನಂಬಿದ್ದ ಅನ್ನೋದು ದನಿಲಿ ಕೇಳುತ್ತೆ.

ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಎಡಿಟಿಂಗ್‌ಗೆ. ಸಿಟ್‌ಕಾಮ್ ನಟರ ಬದುಕು ಹೆಂಗಿರುತ್ತೆ ಅಂತ ಕುತೂಹಲ ಇರೋರು, ಮನೇಲಿ ಯಾರಾದ್ರೂ ಕುಡಿತದ ಜೊತೆ ಒದ್ದಾಡೋದನ್ನ ನೋಡಿರೋರು ಖಂಡಿತ ಕೇಳಿ, ಆದ್ರೆ ಈಗಷ್ಟೇ ಬಿಟ್ಟಿರೋರು ಸ್ವಲ್ಪ ಯೋಚ್ನೆ ಮಾಡಿ, ಮಾತ್ರೆ ಕುಡಿತದ ವಿವರ ತುಂಬಾ ಇದೆ. ಫ್ರೆಂಡ್ಸ್‌ನ ಜೊತೆ ನಟಿ ಲೀಸಾ ಕುಡ್ರೋ ಬರೆದ ಮುನ್ನುಡಿ ಸ್ಕಿಪ್ ಮಾಡ್ಬೇಡಿ, ಚಿಕ್ಕದು, ಚೆನ್ನಾಗಿದೆ. ಆಮೇಲೆ ಒಂದೂವರೆ ಸ್ಪೀಡಲ್ಲಿ ಕೇಳೋ ಅಭ್ಯಾಸ ಇರೋರು ಇದೊಂದಕ್ಕೆ ಮಾಮೂಲಿ ಸ್ಪೀಡಲ್ಲೇ ಇಡಿ, ಓಡಿಸಿದ್ರೆ ಅವನು ತಡವರಿಸೋದೂ ಹೋಗುತ್ತೆ, ಜೋಕಿನ ಟೈಮಿಂಗೂ ಹೋಗುತ್ತೆ.