ಒಳಾಂಗಣಕ್ಕೆ ಯಾರು: ಆರ್ಕಿಟೆಕ್ಟೋ, ಇಂಟೀರಿಯರ್ ಡಿಸೈನರೋ?

ಮಡಿಕೇರಿಯಲ್ಲಿ ಹೋಂಸ್ಟೇ ಸಜ್ಜುಗೊಳಿಸುವವರಿಗೂ ವಿರಾಜಪೇಟೆ ಕಡೆ ಐನ್‌ಮನೆ (ಕೊಡಗಿನ ಕುಟುಂಬಗಳ ಪೂರ್ವಿಕರ ಮನೆ) ದುರಸ್ತಿ ಮಾಡಿಸುವವರಿಗೂ ಈ ಪ್ರಶ್ನೆ ಎದುರಾಗುತ್ತದೆ.

ಆರ್ಕಿಟೆಕ್ಟ್ ಎಂಬ ಹೆಸರಿಗೆ ಕಾನೂನಿನ ಕಾವಲಿದೆ. 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರಷ್ಟೇ ಅದನ್ನು ಬಳಸಬಹುದು. ನೋಂದಣಿ ಸಂಖ್ಯೆಯನ್ನು ಸಂಕೋಚವಿಲ್ಲದೆ ಕೇಳಿ. ವೃತ್ತಿಯಲ್ಲಿ ದುರ್ನಡತೆ ಕಂಡರೆ ಕೌನ್ಸಿಲ್‌ಗೇ ದೂರು ಕೊಡಬಹುದು. ಆದರೆ ಕಾಯ್ದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ; ಅಂದರೆ ಆ ಹೆಸರು ಬಳಸದೆ ಅದೇ ಕೆಲಸವನ್ನು ಬೇರೆಯವರೂ ಮಾಡಬಹುದು.

ಇಂಟೀರಿಯರ್ ಡಿಸೈನರ್‌ಗೆ ಭಾರತದಲ್ಲಿ ಅಂಥ ಪರವಾನಗಿಯೇ ಇಲ್ಲ. ಯಾರು ಬೇಕಾದರೂ ಫಲಕ ಹಾಕಬಹುದು. ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ಸದಸ್ಯತ್ವ ಸ್ವಯಂಪ್ರೇರಿತ. ಕೆಲಸ ಕೆಟ್ಟರೆ ಗ್ರಾಹಕರ ಆಯೋಗವೇ ದಾರಿ. ಹಾಗೆಂದು ಅವರನ್ನು ಕಡೆಗಣಿಸುವುದು ಅನ್ಯಾಯ. ಕೊಡಗಿನ ಮಳೆಗಾಲದ ಬೂಷ್ಟು, ಉಬ್ಬುವ ಪ್ಲೈವುಡ್, ತೇವ ಹೀರುವ ಗೋಡೆ ಬಲ್ಲ ಡಿಸೈನರ್ ಸಿಕ್ಕರೆ ಅದು ದೊಡ್ಡ ಭಾಗ್ಯ.

ಐನ್‌ಮನೆಯ ಗೋಡೆ, ಕಂಬ, ಮಾಡು ಮುಟ್ಟುವುದಾದರೆ ನೋಂದಾಯಿತ ಆರ್ಕಿಟೆಕ್ಟ್ ಜೊತೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು. ಇದರಲ್ಲಿ ನನಗೆ ರಾಜಿಯಿಲ್ಲ. ಕಪಾಟು, ಅಡುಗೆಮನೆ, ಬೆಳಕು ಮಾತ್ರವೆಂದರೆ ಡಿಸೈನರ್ ಸಾಕು. ಮರದ ಬಗೆ, ಹಣದ ಕಂತು, ಗಡುವು ಬರೆದ ಕರಾರಿಗೆ ಸಹಿ ಹಾಕಿಸಿ. ಎರಡು ಮಳೆಗಾಲ ಕಂಡ ಅವರ ಹಳೆಯ ಕೆಲಸವನ್ನು ಮೊದಲು ನೋಡಿಬನ್ನಿ.